ಅಕ್ಟೋಬರ್ 17ರಂದು ಎದ್ದ ಕೈಗಳು

ಕೊಡಗಿನವರಿಗೆ ಅಕ್ಟೋಬರ್ 17 ಅಂದರೆ ಬೇರೆ ವಿವರಣೆ ಬೇಡ. ತುಲಾ ಸಂಕ್ರಮಣ. ಕೆಲವು ವರ್ಷ 18ಕ್ಕೆ ಜಾರುತ್ತದೆ, ಆದರೂ ಮನಸ್ಸಿನಲ್ಲಿ ಕೂತಿರುವುದು 17. ಪಂಚಾಂಗ ನೋಡಿ ಗಂಟೆ, ನಿಮಿಷದ ಲೆಕ್ಕದಲ್ಲಿ ಮುಹೂರ್ತ ಹೇಳುತ್ತಾರೆ. ಅದು ನಡುರಾತ್ರಿಯೇ ಆಗಲಿ, ಮಟಮಟ ಮಧ್ಯಾಹ್ನವೇ ಆಗಲಿ, ತಲಕಾವೇರಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಕುಂಡಿಕೆಯಲ್ಲಿ ತೀರ್ಥ ಉಕ್ಕಿತು ಅಂತ ಕೂಗು ಎದ್ದರೆ ಸಾಕು, ಕೊಡ, ಕ್ಯಾನು, ಖಾಲಿ ಬಾಟಲಿ ಹಿಡಿದ ಕೈಗಳೆಲ್ಲ ಒಟ್ಟಿಗೆ ಮೇಲೇಳುತ್ತವೆ. ನಮ್ಮ ಮನೆಯ ದೇವರ ಗೂಡಿನಲ್ಲೂ ಅಂಥ ಒಂದು ಬಾಟಲಿ ಇದೆ. ಯಾವುದೋ ತಂಪು ಪಾನೀಯದ ಲೇಬಲ್ಲು ಅರ್ಧ ಕಿತ್ತು ಅರ್ಧ ಉಳಿದಿದೆ. ಅದಕ್ಕೂ ದಿನಾ ಕುಂಕುಮ.

1949ರ ಅಕ್ಟೋಬರ್ 17ರಂದು ದೆಹಲಿಯಲ್ಲೂ ಕೈಗಳು ಎದ್ದವು. ಅವು ಮತ ಹಾಕಲು ಎದ್ದ ಕೈಗಳು. ಸಂವಿಧಾನ ರಚನಾ ಸಭೆಯಲ್ಲಿ ಅವತ್ತು ಪೀಠಿಕೆಯ ಸರದಿ. 'ನಾವು, ಭಾರತದ ಜನರು' ಅನ್ನುವುದಕ್ಕೆ ಮುಂಚೆ 'ದೇವರ ಹೆಸರಿನಲ್ಲಿ' ಅಂತ ಸೇರಿಸಬೇಕು ಎಂದು ಒಬ್ಬರು ಪಟ್ಟು ಹಿಡಿದರು. ಹರಿ ವಿಷ್ಣು ಕಾಮತ್. ನಮ್ಮ ಘಟ್ಟದ ಕೆಳಗಿನ ಮಂಗಳೂರಲ್ಲೇ ಹುಟ್ಟಿದವರು, ಐಸಿಎಸ್ ಹುದ್ದೆ ಬಿಟ್ಟು ಸುಭಾಷಚಂದ್ರ ಬೋಸರ ಪಕ್ಷಕ್ಕೆ ಹೋದವರು.

ಆಮೇಲೆ ನಡೆದ ಚರ್ಚೆ ಓದಿದರೆ ನಗುವೂ ಬರುತ್ತದೆ, ಗೌರವವೂ ಹುಟ್ಟುತ್ತದೆ. ಅಸ್ಸಾಮಿನ ರೋಹಿಣಿ ಕುಮಾರ್ ಚೌಧುರಿ ಎದ್ದರು. ನಮ್ಮದು ಕಾಮಾಖ್ಯೆಯ ನಾಡು, ದೇವರು ಅನ್ನುವ ಬದಲು ದೇವಿಯ ಹೆಸರಿನಲ್ಲಿ ಅಂತ ಯಾಕೆ ಹಾಕಬಾರದು ಎಂದು ಕೇಳಿದರು. ತಿರುವಾಂಕೂರಿನ ಪಟ್ಟಂ ತಾಣು ಪಿಳ್ಳೆ, ನಂಬುವವನಿಗೆ ಇರುವಷ್ಟೇ ಸ್ವಾತಂತ್ರ್ಯ ನಂಬದವನಿಗೂ ಬೇಕಲ್ಲ ಎಂದರು. ಹೃದಯನಾಥ ಕುಂಜ್ರು ಅವರ ಬೇಸರ ಬೇರೆ ಥರದ್ದು. ಮನುಷ್ಯನ ಒಳಗಿನ ಅಷ್ಟು ಪವಿತ್ರವಾದ ಭಾವನೆಯನ್ನು ಹೀಗೆ ಚರ್ಚೆಯ ಅಂಗಳಕ್ಕೆ ಎಳೆದು ತಂದದ್ದೇ ತಪ್ಪು, ಇದೇ ಪೀಠಿಕೆಯಲ್ಲಿ ನಂಬಿಕೆಯ ಸ್ವಾತಂತ್ರ್ಯ ಕೊಟ್ಟು ಮತ್ತೆ ದೇವರನ್ನು ಹೇರಿದರೆ ಹೇಗೆ ಅಂತ. ಪೂರ್ಣಿಮಾ ಬ್ಯಾನರ್ಜಿ ಕಾಮತರನ್ನು ಬೇಡಿಕೊಂಡರು: ದಯವಿಟ್ಟು ದೇವರನ್ನು ಮತಕ್ಕೆ ಹಾಕುವ ಮುಜುಗರ ನಮಗೆ ತರಬೇಡಿ.

ಕಾಮತ್ ಕೇಳಲಿಲ್ಲ. ಕೈ ಎತ್ತಿಸಿ ಎಣಿಸಿದರು. ದೇವರ ಹೆಸರು ಬೇಕು ಅಂದವರು 41, ಬೇಡ ಅಂದವರು 68. ಇದು ನಮ್ಮ ಇತಿಹಾಸದಲ್ಲಿ ಕರಾಳ ದಿನ, ದೇವರೇ ಭಾರತವನ್ನು ಕಾಪಾಡಲಿ ಎಂದು ಕಾಮತ್ ಕೂತರು.

ಆ 68 ಕೈಗಳು ನಾಸ್ತಿಕರ ಕೈಗಳಾಗಿರಲಿಲ್ಲ. ಈಗ ಟಿವಿಯಲ್ಲಿ ಕಿರುಚಾಡುವ ಎರಡೂ ಕಡೆಯವರು ಮರೆಯುವುದು ಇದನ್ನೇ. ಅಧ್ಯಕ್ಷರ ಕುರ್ಚಿಯಲ್ಲಿ ಕೂತಿದ್ದ ರಾಜೇಂದ್ರ ಪ್ರಸಾದ್ ಎರಡು ವರ್ಷದೊಳಗೆ ಸೋಮನಾಥ ದೇವಸ್ಥಾನದ ಪ್ರತಿಷ್ಠೆಗೆ ಹೋದವರು. ಸಭೆಯಲ್ಲಿ ಹಣೆಗೆ ವಿಭೂತಿ, ನಾಮ ಹಚ್ಚಿಕೊಂಡವರಿಗೆ ಕೊರತೆ ಇರಲಿಲ್ಲ. ದೇವರ ಮೇಲೆ ಭಕ್ತಿ ಇದ್ದೇ, ಈ ಕಾಗದದ ಮೇಲೆ ದೇವರ ಸಹಿ ಬೇಡ ಅಂದರು. ನೆರೆಯಲ್ಲೇ ಉದಾಹರಣೆಯೂ ಇತ್ತು. ಏಳು ತಿಂಗಳ ಹಿಂದೆ, 1949ರ ಮಾರ್ಚ್ 12ರಂದು, ಪಾಕಿಸ್ತಾನದ ಸಂವಿಧಾನ ಸಭೆ ಸಾರ್ವಭೌಮತ್ವ ದೇವರದ್ದು ಅಂತ ನಿರ್ಣಯ ಮಾಡಿತ್ತು. ಅಲ್ಲಿನ ಹಿಂದೂ ಸದಸ್ಯರು ವಿರೋಧಿಸಿ ಸೋತಿದ್ದರು.

ಈ ಹಳೇ ಕಥೆ ಈಗ ಯಾಕೆ ಅಂದರೆ, ಜಗಳ ಮತ್ತೆ ಬಿಸಿಯಾಗಿದೆ. ತುರ್ತು ಪರಿಸ್ಥಿತಿಗೆ 50 ವರ್ಷ ತುಂಬಿದಾಗ, 2025ರ ಜೂನ್‌ನಲ್ಲಿ, ಆರೆಸ್ಸೆಸ್‌ನ ಸರಕಾರ್ಯವಾಹ ದತ್ತಾತ್ರೇಯ ಹೊಸಬಾಳೆ ಒಂದು ಮಾತು ಹೇಳಿದರು. ಪೀಠಿಕೆಯಲ್ಲಿ 'ಸಮಾಜವಾದಿ', 'ಸೆಕ್ಯುಲರ್' ಪದ ಮೂಲದಲ್ಲಿ ಇರಲಿಲ್ಲ, ಅವು ಉಳಿಯಬೇಕಾ ಅಂತ ಚರ್ಚೆ ಆಗಲಿ ಎಂದು. ಪದ ತೆಗೆಯುವ ಯೋಚನೆ ಇಲ್ಲ ಎಂದು ಕೇಂದ್ರ ಸರ್ಕಾರ ಮುಂದಿನ ತಿಂಗಳು ರಾಜ್ಯಸಭೆಗೆ ತಿಳಿಸಿತು. ಅದಕ್ಕೂ ಮುಂಚೆ, 2024ರ ನವೆಂಬರ್ 25ರಂದು, ಇದೇ ಪದಗಳ ವಿರುದ್ಧದ ಅರ್ಜಿಗಳನ್ನು ಸುಪ್ರೀಂ ಕೋರ್ಟ್ ವಜಾ ಮಾಡಿತ್ತು. ಕಾನೂನಿನ ಲೆಕ್ಕದಲ್ಲಿ ವಿಷಯ ಮುಗಿದ ಹಾಗೆ. ಆದರೆ ಕಾಫಿ ಕಣದಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ, ವಾಟ್ಸಾಪ್ ಗುಂಪಲ್ಲಿ ಮುಗಿದಿಲ್ಲ. 'ಈ ದೇಶ ಹುಟ್ಟಿದ್ದೇ ಧರ್ಮದ ಮೇಲೆ, ಸೆಕ್ಯುಲರ್ ಅನ್ನೋದು ಇಂದಿರಾ ಗಾಂಧಿ ತೂರಿಸಿದ್ದು' ಅಂತ ಒಬ್ಬ. 'ಹುಟ್ಟಿನಿಂದಲೇ ಸೆಕ್ಯುಲರ್' ಅಂತ ಇನ್ನೊಬ್ಬ.

ಮೊದಲನೆಯವನ ದೂರಿನಲ್ಲಿ ಒಂದು ನಿಜ ಇದೆ, ಅದನ್ನು ಒಪ್ಪಿಬಿಡೋಣ. ಆ ಎರಡು ಪದ ಬಂದದ್ದು 1976ರಲ್ಲಿ, 42ನೇ ತಿದ್ದುಪಡಿಯಲ್ಲಿ. ವಿರೋಧ ಪಕ್ಷದ ನಾಯಕರು ಜೈಲಲ್ಲಿದ್ದ ಕಾಲ. ಪೀಠಿಕೆಯ ಕೊನೆಗೆ ಮಾತ್ರ ಈಗಲೂ 1949ರ ನವೆಂಬರ್ 26 ಅನ್ನುವ ತಾರೀಖೇ ಇದೆ. 27 ವರ್ಷ ಆದಮೇಲೆ ಸೇರಿಸಿದ ಮಾತಿನ ಕೆಳಗೆ ಹಳೇ ತಾರೀಖು. ಅಜ್ಜನ ಕಾಲದ ಆಸ್ತಿ ಪತ್ರದಲ್ಲಿ ಮೊಮ್ಮಗ ಎರಡು ಸಾಲು ಬರೆದು ಅಜ್ಜನ ರುಜುವನ್ನು ಹಾಗೇ ಬಿಟ್ಟರೆ ಯಾರಿಗಾದರೂ ಕಸಿವಿಸಿ ಆಗುತ್ತದೆ, ಅಲ್ವಾ?

ಆದರೆ ಪದ ಬಂದ ದಿನವೇ ಗುಣ ಬಂತು ಅನ್ನುವುದು ತಪ್ಪು. ಇದಕ್ಕೆ ಸಾಕ್ಷಿ ಒಬ್ಬ ಸ್ವಾಮೀಜಿಯ ಹೆಸರಲ್ಲೇ ಇದೆ. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ, ಯಕ್ಷಗಾನ ಅಂದರೆ ಪ್ರಾಣ ಬಿಡುತ್ತಿದ್ದ ನಮ್ಮ ಕನ್ನಡದವರೇ. ಮಠದ ಜಮೀನಿನ ವಿಷಯಕ್ಕೆ ಅವರು ಹೂಡಿದ ಕೇಸು 13 ನ್ಯಾಯಮೂರ್ತಿಗಳ ಮುಂದೆ 68 ದಿನ ನಡೆಯಿತು. 1973ರ ಏಪ್ರಿಲ್‌ನಲ್ಲಿ ಬಂದ ತೀರ್ಪು, ಸಂವಿಧಾನದ ಮೂಲ ರಚನೆಯನ್ನು ಸಂಸತ್ತು ಮುಟ್ಟುವ ಹಾಗಿಲ್ಲ ಎಂದಿತು. ಆ ಮೂಲ ರಚನೆಯಲ್ಲಿ ಏನೇನು ಸೇರುತ್ತದೆ ಎಂದು ಹೇಳುವಾಗ ಮುಖ್ಯ ನ್ಯಾಯಮೂರ್ತಿ ಸಿಕ್ರಿ ಅವರು ಸಂವಿಧಾನದ ಸೆಕ್ಯುಲರ್ ಗುಣವನ್ನೂ ಹೆಸರಿಸಿದ್ದರು. ಪೀಠಿಕೆಗೆ ಪದ ಬರುವುದಕ್ಕೆ ಮೂರು ವರ್ಷ ಮುಂಚೆ. ಮಠಾಧಿಪತಿಯೊಬ್ಬರ ಕೇಸಿನಲ್ಲಿ.

ಇನ್ನೂ ಒಂದು ವಿಷಯ. ತುರ್ತು ಪರಿಸ್ಥಿತಿ ಮುಗಿದು ಜನತಾ ಸರ್ಕಾರ ಬಂದಮೇಲೆ 42ನೇ ತಿದ್ದುಪಡಿಯ ಎಷ್ಟೋ ಭಾಗಗಳನ್ನು ಕಿತ್ತು ಹಾಕಿತು. ಈ ಪದವನ್ನು ಕೀಳಲಿಲ್ಲ. ಬದಲಿಗೆ, ಸೆಕ್ಯುಲರ್ ಅಂದರೆ ಎಲ್ಲ ಧರ್ಮಗಳಿಗೆ ಸಮಾನ ಗೌರವ ಅಂತ ಅರ್ಥ ಬರೆದು ಸೇರಿಸಲು ಹೊರಟಿತು. ಕಾಂಗ್ರೆಸ್ ಸಂಖ್ಯೆ ಜಾಸ್ತಿ ಇದ್ದ ರಾಜ್ಯಸಭೆ ಅದನ್ನು ಒಪ್ಪಲಿಲ್ಲ. ಪದ ತಂದವರೇ ಅದಕ್ಕೆ ಅರ್ಥ ಬರೆಯುವುದನ್ನು ತಡೆದರು. ವಾಜಪೇಯಿ, ಅಡ್ವಾಣಿ ಇಬ್ಬರೂ ಆ ಜನತಾ ಸರ್ಕಾರದ ಮಂತ್ರಿಗಳು.

ಎರಡನೆಯವನ ವಾದಕ್ಕೂ ಒಂದು ತೊಡಕಿದೆ. ಕೆ.ಟಿ. ಶಾ ಅಂತ ಒಬ್ಬ ಅರ್ಥಶಾಸ್ತ್ರಜ್ಞರು ಸಭೆಯಲ್ಲಿದ್ದರು. 1948ರ ನವೆಂಬರ್ 15ರಂದು ಅವರು, ಭಾರತವನ್ನು 'ಸೆಕ್ಯುಲರ್, ಫೆಡರಲ್, ಸೋಷಲಿಸ್ಟ್' ಅಂತ ಸಂವಿಧಾನದಲ್ಲೇ ಕರೆಯೋಣ ಎಂದರು. ಅಂಬೇಡ್ಕರ್ ಒಪ್ಪಲಿಲ್ಲ. ಸಮಾಜ ಹೇಗೆ ಬದುಕಬೇಕು ಅನ್ನುವುದನ್ನು ಮುಂದಿನ ಪೀಳಿಗೆಗೆ ಬಿಡಬೇಕು, ಇಂದೇ ಕಟ್ಟಿ ಹಾಕಬಾರದು ಅನ್ನುವುದು ಅವರ ವಾದ. ಶಾ ಸುಮ್ಮನಾಗಲಿಲ್ಲ. ಡಿಸೆಂಬರ್ 3ರಂದು ಇನ್ನೂ ಗಟ್ಟಿಯಾದ ಒಂದು ವಿಧಿ ತಂದರು: ಸರ್ಕಾರಕ್ಕೂ ಧರ್ಮಕ್ಕೂ ಯಾವ ಸಂಬಂಧವೂ ಇರಬಾರದು. ಅದೂ ಬಿದ್ದುಹೋಯಿತು.

ಹಾಗಾದರೆ ಲೆಕ್ಕ ಹೀಗಾಯಿತು. ಧರ್ಮದ ಸಂಬಂಧವೇ ಬೇಡ ಅಂದಾಗ ಸಭೆ ಆಗಲ್ಲ ಎಂದಿತು. ಹತ್ತೂವರೆ ತಿಂಗಳ ಮೇಲೆ ದೇವರ ಹೆಸರಲ್ಲಿ ಶುರು ಮಾಡೋಣ ಅಂದಾಗಲೂ ಆಗಲ್ಲ ಎಂದಿತು. ನನ್ನ ಪ್ರಕಾರ ಈ ದೇಶದ ಹುಟ್ಟಿನ ಗುಣ ಇರುವುದು ಈ ಎರಡೂ ನಿರಾಕರಣೆಯಲ್ಲಿ. ಒಬ್ಬರು ಒಂದನ್ನು ಮಾತ್ರ ಓದಿ ಹೇಳುತ್ತಾರೆ, ಇನ್ನೊಬ್ಬರು ಇನ್ನೊಂದನ್ನು.

ತಮಾಷೆ ಏನೆಂದರೆ, ಪೀಠಿಕೆಯಲ್ಲಿ ಜಾಗ ಸಿಗದ ದೇವರು ಹಿಂಬಾಗಿಲಿಂದ ಒಳಗೆ ಬಂದಿದ್ದಾನೆ. ಪ್ರಮಾಣ ವಚನ ನೋಡಿ. ಕರಡಿನಲ್ಲಿ ದೇವರ ಹೆಸರೇ ಇರಲಿಲ್ಲ. ಸಭೆಯಲ್ಲಿ ಸೇರಿತು. ಈಗ 'ದೇವರ ಹೆಸರಿನಲ್ಲಿ ಪ್ರಮಾಣ' ಮೇಲೆ, 'ಶ್ರದ್ಧಾಪೂರ್ವಕ ದೃಢೀಕರಣ' ಕೆಳಗೆ. ಯಾವುದು ಬೇಕೋ ಆರಿಸಿಕೊಳ್ಳಿ. ಒಬ್ಬೊಬ್ಬನೇ ತನ್ನ ಬಾಯಿಂದ ಹೇಳುವಾಗ ದೇವರು ಬರಬಹುದು. ಎಲ್ಲರ ಪರವಾಗಿ ಒಂದೇ ಸಲ ಹೇಳುವಾಗ ಬೇಡ. ವ್ಯತ್ಯಾಸ ಚಿಕ್ಕದಲ್ಲ.

'ಸೆಕ್ಯುಲರ್' ಪದ ಕೂಡ 1949ರ ಸಂವಿಧಾನದಲ್ಲಿ ಇತ್ತು, ಪೀಠಿಕೆಯಲ್ಲಿ ಅಲ್ಲ, 25ನೇ ವಿಧಿಯಲ್ಲಿ. ಧಾರ್ಮಿಕ ಆಚರಣೆಗೆ ಅಂಟಿಕೊಂಡ ಹಣಕಾಸು, ರಾಜಕೀಯ ಮುಂತಾದ 'ಸೆಕ್ಯುಲರ್' ಚಟುವಟಿಕೆಗಳನ್ನು ಸರ್ಕಾರ ನಿಯಂತ್ರಿಸಬಹುದು ಅನ್ನುತ್ತದೆ ಅದು. ಅಲ್ಲಿ ಪದದ ಅರ್ಥ ಸರಳ. ಲೌಕಿಕ, ಅಷ್ಟೇ. ಇದು ಹೇಗಿರುತ್ತದೆ ಅಂತ ನೋಡಬೇಕಾದರೆ ಭಾಗಮಂಡಲಕ್ಕೆ ಬನ್ನಿ. ಭಗಂಡೇಶ್ವರ, ತಲಕಾವೇರಿ ಎರಡೂ ಮುಜರಾಯಿ ಇಲಾಖೆಯ ಕೆಳಗೆ ಬರುತ್ತವೆ. ಪೂಜೆಯ ಮಂತ್ರ ಅರ್ಚಕರದ್ದು. ಹುಂಡಿ ಎಣಿಕೆ ಕಾರ್ಯನಿರ್ವಾಹಕ ಅಧಿಕಾರಿಯದ್ದು. ಸಂಕ್ರಮಣಕ್ಕೆ ತಿಂಗಳಿರುವಾಗಲೇ ಜಿಲ್ಲಾಧಿಕಾರಿ ಸಭೆ ಕರೆಯುತ್ತಾರೆ. ಬ್ಯಾರಿಕೇಡ್ ಎಲ್ಲಿ, ಬಸ್ಸು ಎಷ್ಟು, ಶೌಚಾಲಯ ಸಾಕಾ, ಪ್ಲಾಸ್ಟಿಕ್ ತಡೆಯೋದು ಹೇಗೆ. ತೀರ್ಥ ಉಕ್ಕುವುದು ಕಾವೇರಮ್ಮನ ಕೆಲಸ, ಕ್ಯೂ ನಿಲ್ಲಿಸುವುದು ಪೊಲೀಸರ ಕೆಲಸ. ಕೆ.ಟಿ. ಶಾ ಅವರ ವಿಧಿ ಪಾಸಾಗಿದ್ದರೆ ಇದೆಲ್ಲ ಹೇಗೆ ನಡೆಯುತ್ತಿತ್ತೋ! ದೇವಸ್ಥಾನಗಳನ್ನು ಸರ್ಕಾರದ ಹಿಡಿತದಿಂದ ಬಿಡಿಸಬೇಕು ಅನ್ನುವವರು, ವಿಚಿತ್ರ ಅಂದರೆ, ಶಾ ಅವರ ದಾರಿಯನ್ನೇ ಕೇಳುತ್ತಿದ್ದಾರೆ. ಮಸೀದಿ, ಚರ್ಚುಗಳಿಗೆ ಬೇರೆ ನಿಯಮ, ನಮಗೆ ಮಾತ್ರ ಇಲಾಖೆ ಯಾಕೆ ಅನ್ನುವ ಅವರ ಪ್ರಶ್ನೆ ಪೊಳ್ಳಲ್ಲ. ಅದಕ್ಕೆ ಉತ್ತರ ಹುಡುಕಬೇಕಾದ್ದು 25 ಮತ್ತು 26ನೇ ವಿಧಿಯಲ್ಲಿ. ಪೀಠಿಕೆಯ ಒಂದು ಪದ ಅಳಿಸಿದರೆ ಭಾಗಮಂಡಲದ ಹುಂಡಿಯ ಬೀಗದ ಕೈ ಬದಲಾಗುವುದಿಲ್ಲ.

ಧರ್ಮದ ಮೇಲೆ ಹುಟ್ಟಿದ ದೇಶ ಅನ್ನುವವರು ಸಂವಿಧಾನದ ಮೂಲ ಪ್ರತಿಯ ಚಿತ್ರಗಳನ್ನು ತೋರಿಸುತ್ತಾರೆ. ನಂದಲಾಲ್ ಬೋಸ್ ಮತ್ತು ಅವರ ಶಿಷ್ಯರು ಬರೆದ ಚಿತ್ರಗಳು. ಮೂಲಭೂತ ಹಕ್ಕುಗಳ ಭಾಗದ ತಲೆಯ ಮೇಲೆ ರಾಮ, ಸೀತೆ, ಲಕ್ಷ್ಮಣ. 2020ರ ಆಗಸ್ಟ್ 5ರಂದು, ಅಯೋಧ್ಯೆಯಲ್ಲಿ ಭೂಮಿಪೂಜೆ ನಡೆದ ದಿನ, ಆಗಿನ ಕೇಂದ್ರ ಕಾನೂನು ಸಚಿವರೇ ಆ ಚಿತ್ರವನ್ನು ಟ್ವೀಟ್ ಮಾಡಿದ್ದರು. ಕೊಡಗಿನಲ್ಲಿ ಅದನ್ನು ನೋಡಿದವರು ಕಡಿಮೆ. ಅದೇ ರಾತ್ರಿ ತಲಕಾವೇರಿಯ ಗಜಗಿರಿ ಬೆಟ್ಟ ಕುಸಿದು ಅರ್ಚಕರ ಮನೆ ಮಣ್ಣಿನಡಿ ಹೋಯಿತು. ನಮಗೆ ಆ ವಾರ ಬೇರೆ ಸುದ್ದಿ ಇರಲಿಲ್ಲ.

ಚಿತ್ರ ಇದೆ, ನಿಜ. ಪುಟ ತಿರುಗಿಸಿದರೆ ಗೀತೋಪದೇಶ ಇದೆ, ಬುದ್ಧ, ಮಹಾವೀರ, ನಟರಾಜ, ಅಕ್ಬರ್, ಶಿವಾಜಿ, ಗುರು ಗೋಬಿಂದ್ ಸಿಂಗ್ ಎಲ್ಲ ಇದ್ದಾರೆ. ಇನ್ನೂ ತಿರುಗಿಸಿ. ಝಾನ್ಸಿ ರಾಣಿಯ ಜೊತೆಗೆ ಒಬ್ಬರು ಇದ್ದಾರೆ. ಟಿಪ್ಪು ಸುಲ್ತಾನ್.

ಈ ಪುಟದ ಮುಂದೆ ಕೊಡಗಿನವನಿಗೆ ಉಸಿರು ಬಿಗಿಯಾಗುತ್ತದೆ. ಟಿಪ್ಪುವಿನ ಸೇನೆ ಕೊಡವರನ್ನು ಕೊಂದ ಜಾಗ ಅಂತ ಇಲ್ಲಿನವರು ಹೇಳುವ ದೇವಟ್‌ಪರಂಬು ಅಂದರೆ ಇಲ್ಲಿ ಏನು ಅರ್ಥ ಅಂತ ಹೊರಗಿನವರಿಗೆ ಹೇಳುವುದು ಕಷ್ಟ. 2015ರ ನವೆಂಬರ್ 10, ಸರ್ಕಾರ ಟಿಪ್ಪು ಜಯಂತಿ ಶುರು ಮಾಡಿದ ವರ್ಷ, ಮಡಿಕೇರಿಯಲ್ಲಿ ಗಲಾಟೆಯಾಗಿ ಜೀವ ಹೋಯಿತು. ಆಮೇಲೆ ಪ್ರತಿ ನವೆಂಬರ್‌ನಲ್ಲಿ ಅರ್ಧ ಎಳೆದ ಶಟರು, ಚೌಕಿಯಲ್ಲಿ ಪೊಲೀಸ್ ವ್ಯಾನು. 2019ರಲ್ಲಿ ಜಯಂತಿ ನಿಲ್ಲುವ ತನಕ ಅದೇ ಗೋಳು. ರಾಮನ ಚಿತ್ರ ಇದೆ, ಆದ್ದರಿಂದ ಇದು ಧಾರ್ಮಿಕ ದೇಶ ಅನ್ನುವವರು ಟಿಪ್ಪುವಿನ ಚಿತ್ರ ಇದೆ ಅನ್ನುವುದಕ್ಕೆ ಏನು ಅರ್ಥ ಹೇಳುತ್ತಾರೆ? ಸಭೆ ವಿಧಿ ವಿಧಿಯಾಗಿ ಚರ್ಚಿಸಿ ಮತ ಹಾಕಿದ್ದು ಅಕ್ಷರಗಳಿಗೆ. ಚಿತ್ರ ಕಲಾವಿದರು ಕಂಡ ಇತಿಹಾಸದ ಮೆರವಣಿಗೆ. ಚೆಂದ ಇದೆ, ಜಗಳಕ್ಕೆ ಸಾಕ್ಷಿ ಹೇಳುವ ಶಕ್ತಿ ಅದಕ್ಕಿಲ್ಲ.

ಕೊಡಗಿಗೆ ಇದಕ್ಕಿಂತ ಹಳೆಯ ಒಂದು ಹುಟ್ಟು ಪತ್ರವೂ ಇದೆ. 1834ರ ಮೇ 7ರಂದು ಮಡಿಕೇರಿಯಲ್ಲಿ ಕರ್ನಲ್ ಫ್ರೇಸರ್ ಹೊರಡಿಸಿದ ಘೋಷಣೆ. ಚಿಕ್ಕವೀರರಾಜೇಂದ್ರ ಪಟ್ಟ ಕಳೆದುಕೊಂಡು, ಹಾಲೇರಿ ಮನೆತನ ಮುಗಿದು, ಕಂಪನಿ ಸರ್ಕಾರ ಶುರುವಾದ ದಿನ. ಆ ಹಾಲೇರಿ ಅರಸರೂ ಈ ಪ್ರಶ್ನೆಗೆ ಸುಲಭದ ಉತ್ತರ ಕೊಡುವವರಲ್ಲ. ಮೂಲ ಪುರುಷ ಜಂಗಮನ ವೇಷದಲ್ಲಿ ಬಂದ ಅಂತ ಕಥೆ. ಅರಸರು ಲಿಂಗವಂತರು, ಪ್ರಜೆಗಳಲ್ಲಿ ಬಹುಪಾಲು ಜನ ಅಲ್ಲ. ಲಿಂಗರಾಜೇಂದ್ರ 1820ರಲ್ಲಿ ಕಟ್ಟಿಸಿದ ಓಂಕಾರೇಶ್ವರ ದೇವಸ್ಥಾನಕ್ಕೆ ನಡುವೆ ಗುಮ್ಮಟ, ನಾಲ್ಕು ಮೂಲೆಗೆ ಮಿನಾರು. ಮೊದಲ ಸಲ ಬಂದ ನೆಂಟರು ಈಗಲೂ ಕೇಳುತ್ತಾರೆ, 'ಇದು ಮಸೀದಿಯಾ?' ಅಂತ.

ಫ್ರೇಸರ್ ಘೋಷಣೆಯಲ್ಲಿ ಸೊಗಸಾದ ಮಾತಿದೆ. ನಿಮ್ಮ ನಾಗರಿಕ ಮತ್ತು ಧಾರ್ಮಿಕ ಹಕ್ಕುಗಳನ್ನು, ರೂಢಿಗಳನ್ನು ಗೌರವಿಸಲಾಗುತ್ತದೆ ಅಂತ. ಅಚ್ಚ ಸೆಕ್ಯುಲರ್ ಮಾತು. ಈಗ ಕೋಟೆಯೊಳಗೆ ಹೋಗಿ ನೋಡಿ. ಮೂಲೆಯಲ್ಲಿ ಒಂದು ಚರ್ಚಿದೆ, ಸೇಂಟ್ ಮಾರ್ಕ್ಸ್. 1855ರಲ್ಲಿ ಕಟ್ಟಿದ್ದು. ಅದಕ್ಕೆ ಮುಂಚೆ ಕೋಟೆಯೊಳಗೆ ಇದ್ದದ್ದು ವೀರಭದ್ರನ ಗುಡಿ. ಘೋಷಣೆ ಆಗಿ 21 ವರ್ಷಕ್ಕೆ ಗುಡಿ ಹೋಗಿ ಚರ್ಚು ಬಂತು. ಈಗ ಅದು ಪುರಾತತ್ವ ಇಲಾಖೆಯ ಮ್ಯೂಸಿಯಂ. ಬಣ್ಣದ ಗಾಜಿನ ಕಿಟಕಿಯ ಬೆಳಕು ವೀರಗಲ್ಲುಗಳ ಮೇಲೆ, ಜೈನ ವಿಗ್ರಹಗಳ ಮೇಲೆ ಬೀಳುತ್ತದೆ. ಚಪ್ಪಲಿ ಬಿಡಬೇಕಾ ಬೇಡವಾ ಅಂತ ಬಾಗಿಲಲ್ಲಿ ಒಂದು ಕ್ಷಣ ತಡವರಿಸುವವರನ್ನು ನಾನೇ ನೋಡಿದ್ದೇನೆ.

ಫ್ರೇಸರ್ ಮಾತು ಮುರಿದರು ಅಂತ ದೂರು ಕೊಡಲು ಕೊಡಗಿನವರಿಗೆ ಒಂದು ಬಾಗಿಲೂ ಇರಲಿಲ್ಲ. ಮೇಲಿನವನು ಕೊಟ್ಟ ಮಾತು ಅದು, ಮೇಲಿನವನ ಮರ್ಜಿ ಇರುವ ತನಕ. 1950ರ ಪತ್ರ ಬೇರೆ. 'ನಮಗೆ ನಾವೇ ಅರ್ಪಿಸಿಕೊಂಡಿದ್ದೇವೆ' ಅನ್ನುತ್ತದೆ. ಧರ್ಮದ ಹಕ್ಕಿಗೆ ಸರ್ಕಾರ ಕೈ ಹಾಕಿದರೆ 32ನೇ ವಿಧಿ ಹಿಡಿದು ಸುಪ್ರೀಂ ಕೋರ್ಟಿಗೇ ಹೋಗಬಹುದು. ಕೊಡಗಿನಿಂದ ಆ ಸಭೆಗೆ ಹೋಗಿದ್ದವರು ಒಬ್ಬರೇ, ಸಿ.ಎಂ. ಪೂಣಚ್ಚ. ಮುಂದೆ 1952ರಿಂದ 56ರವರೆಗೆ, ಕೊಡಗು ಬೇರೆ ರಾಜ್ಯವಾಗಿದ್ದ ಕಾಲದಲ್ಲಿ, ಅವರೇ ಮುಖ್ಯಮಂತ್ರಿ. ಆ ರಾಜ್ಯ ಹೋಯಿತು, ವಿಧಾನಸಭೆ ಹೋಯಿತು, 32ನೇ ವಿಧಿ ಉಳಿದಿದೆ.

ಅಮೆರಿಕದಲ್ಲೂ ಇದೇ ಗಲಾಟೆ, ದಿಕ್ಕು ಮಾತ್ರ ಉಲ್ಟಾ. ಅವರ ಸಂವಿಧಾನದಲ್ಲಿ ದೇವರಿಲ್ಲ. ಧ್ವಜಕ್ಕೆ ಹೇಳುವ ಪ್ರತಿಜ್ಞೆಗೆ ದೇವರು ಸೇರಿದ್ದು 1954ರಲ್ಲಿ, ರಷ್ಯಾದ ಕಮ್ಯುನಿಸ್ಟರ ಮೇಲಿನ ಸಿಟ್ಟಿನ ಕಾಲದಲ್ಲಿ. ಮಕ್ಕಳು ಸೇರಿಸಿದ್ದನ್ನು ಅಪ್ಪಂದಿರ ತಲೆಗೆ ಕಟ್ಟುವ ಚಾಳಿ ನಮ್ಮೊಬ್ಬರದ್ದಲ್ಲ.

ಕನ್ನಡದಲ್ಲಿ ಈ ಜಗಳಕ್ಕೆ ಇನ್ನೊಂದು ಗಂಟು ಇದೆ. ಇಂಗ್ಲಿಷಿನ ಒಂದು ಪದಕ್ಕೆ ನಮ್ಮಲ್ಲಿ ಮೂರು. ಪತ್ರಿಕೆಗಳು ಹೆಚ್ಚಾಗಿ 'ಜಾತ್ಯತೀತ' ಅನ್ನುತ್ತವೆ. ಅದರಲ್ಲಿ ಇರುವುದು ಜಾತಿ, ಧರ್ಮ ಅಲ್ಲ. ಆ ಹೆಸರಿನ ಪಕ್ಷವೂ ಇದೆ, ಅದು ಈಗ ಯಾರ ಜೊತೆ ಇದೆ ಅಂತ ನಿಮಗೆ ಗೊತ್ತು. 'ಧರ್ಮನಿರಪೇಕ್ಷ' ಅಂದರೆ ಧರ್ಮದ ಗೊಡವೆ ಬೇಡ ಎಂಬ ಧ್ವನಿ, ಕೆ.ಟಿ. ಶಾ ಅವರ ಧ್ವನಿ. ಶಾಲೆಯಲ್ಲಿ ಓದಿಸುವ ಪೀಠಿಕೆಯಲ್ಲಿ ಇರುವುದು 'ಸರ್ವಧರ್ಮ ಸಮಭಾವದ'. ಇದು ಹೆಚ್ಚುಕಡಿಮೆ 1978ರಲ್ಲಿ ರಾಜ್ಯಸಭೆ ಒಪ್ಪದೇ ಹೋದ ಅರ್ಥವೇ. ನನ್ನ ಅಕ್ಕನ ಮಗಳು ಬೆಳಿಗ್ಗೆ ಪ್ರಾರ್ಥನೆಯಲ್ಲಿ ಇದನ್ನು ಒಂದೇ ಉಸಿರಲ್ಲಿ ಹೇಳುತ್ತಾಳೆ. ಅರ್ಥ ಏನು ಅಂತ ಕೇಳಿದೆ. 'ಎಲ್ಲಾ ದೇವರಿಗೂ ಕೈ ಮುಗಿಯೋದು, ಮಾವ' ಅಂದಳು. 'ಮುಗಿಯದೇ ಇದ್ರೆ?' ಅಂದೆ. ಅವಳಿಗೆ ಅದು ಪ್ರಶ್ನೆ ಅಂತಲೇ ಅನ್ನಿಸಲಿಲ್ಲ.

ಸುಪ್ರೀಂ ಕೋರ್ಟಿಗೆ ಅದು ಪ್ರಶ್ನೆಯಾಗಿ ಬಂತು. ಸೇನೆಯಲ್ಲಿ ಕ್ರಿಶ್ಚಿಯನ್ ಅಧಿಕಾರಿಯೊಬ್ಬರು ತಮ್ಮ ಸಿಖ್ ತುಕಡಿಯ ಜೊತೆ ಗುಡಿ, ಗುರುದ್ವಾರದ ತನಕ ಹೋಗುತ್ತಿದ್ದರು. ಗರ್ಭಗುಡಿಯೊಳಗೆ ಹೋಗಿ ಪೂಜೆಯಲ್ಲಿ ಸೇರಲು ಮಾತ್ರ ಒಪ್ಪಲಿಲ್ಲ. 2021ರಲ್ಲಿ ಕೆಲಸ ಹೋಯಿತು. ದೆಹಲಿ ಹೈಕೋರ್ಟ್ ಅದನ್ನು ಸರಿ ಎಂದಿತು. 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟೂ ಒಪ್ಪಿತು. ಸೈನಿಕರ ಭಾವನೆಯನ್ನು ಅವರ ನಾಯಕನೇ ಗೌರವಿಸದಿದ್ದರೆ ಹೇಗೆ ಅನ್ನುವುದು ವಾದ. ಸಮಭಾವ ಅನ್ನುವುದು ಶಿಸ್ತಿನ ಆದೇಶವೂ ಆಗಬಹುದು ಅಂತ ಆಯಿತು. ನನಗೆ ಆ ತೀರ್ಪು ಪೂರ್ತಿ ಒಗ್ಗಿಲ್ಲ. ತಾಣು ಪಿಳ್ಳೆ ಇದ್ದಿದ್ದರೆ ಕೈ ಎತ್ತುತ್ತಿರಲಿಲ್ಲ ಅಂತ ಅನ್ನಿಸುತ್ತದೆ.

ನಮ್ಮ ಲೈನಿನಲ್ಲಿ ಒಬ್ಬರು ನಿವೃತ್ತ ಸುಬೇದಾರರಿದ್ದಾರೆ. ಇದರ ಬಗ್ಗೆ ಅವರನ್ನು ಕೇಳದೆ ಇರಲು ಆಗಲಿಲ್ಲ. ಮೆಣಸಿನ ಬಳ್ಳಿ ಕಟ್ಟುತ್ತಿದ್ದರು. ಅವರ ಯೂನಿಟ್ಟಿನಲ್ಲಿ ಸರ್ವಧರ್ಮ ಸ್ಥಳ ಇತ್ತಂತೆ. ಒಂದೇ ತಗಡಿನ ಸೂರಿನ ಕೆಳಗೆ ಗುಡಿ, ಗುರುದ್ವಾರ, ಮಸೀದಿ, ಶಿಲುಬೆ.

'ನೀವು ಎಲ್ಲದಕ್ಕೂ ಹೋಗ್ತಿದ್ರಾ, ಮಾವ?' ಅಂದೆ.

'ಹೋಗ್ದೆ? ಭಾನುವಾರದ ಮಂದಿರ್ ಪರೇಡ್ ಅಂದ್ರೆ ಪರೇಡೇ. ಹಾಜರಿ ಹಾಕ್ತಿದ್ರು.' ಬಳ್ಳಿಯ ಗಂಟು ಬಿಗಿದು, ಉಳಿದ ಹಗ್ಗ ಹಲ್ಲಲ್ಲಿ ಕಚ್ಚಿ ತುಂಡು ಮಾಡಿದರು. 'ಒಳಗೆ ನಿಂತು ನಾನು ಯಾರನ್ನ ನೆನೀತಿದ್ದೆ ಅಂತ ಮಾತ್ರ ಯಾವ ಸಾಹೇಬನೂ ಕೇಳ್ಲಿಲ್ಲ. ನಮ್ಮ ಕೊಡಗಿನ ದೇವರು ಇಗ್ಗುತಪ್ಪನ್ನ ನೆನೀತಿದ್ದೆ. ಮಸೀದಿಯಲ್ಲೂ.'